ಕೊಲ್ಲಲು ಅಪ್ಪಣೆ

ಬೇಟೆಗೂ ಲೈಸೆನ್ಸ್ ಇತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಕೋವಿ ಹಿಡಿದು ಕಾಡಿಗೆ ಹೋದವರೆಲ್ಲ ಕಳ್ಳರೇ ಎಂದು ಅವರ ತಿಳಿವಳಿಕೆ. ಆದರೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅದರೊಳಗೇ ಬೇಟೆಯ ಲೈಸೆನ್ಸಿಗೂ ಜಾಗವಿತ್ತು. ಸಣ್ಣ ಬೇಟೆಗೆ ಒಂದು, ದೊಡ್ಡ ಬೇಟೆಗೆ ಒಂದು, ವಿಶೇಷ ಬೇಟೆಗೆ ಇನ್ನೊಂದು. ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಕೊಂದದ್ದನ್ನು ಬರೆದಿಟ್ಟು ಲೆಕ್ಕ ಒಪ್ಪಿಸಬೇಕು. 1991ರ ತಿದ್ದುಪಡಿ ಈ ಲೈಸೆನ್ಸ್ ಪದ್ಧತಿಯನ್ನೇ ತೆಗೆದುಹಾಕಿತು.

ಆ ಹಳೆಯ ನಿಯಮಗಳನ್ನು ಓದಿದರೆ ಮನಸ್ಸಿಗೆ ಏನೋ ನಾಟುತ್ತದೆ. ವಿಶೇಷ ಅನುಮತಿ ಇಲ್ಲದೆ ಮರಿಗಳನ್ನು ಕೊಲ್ಲಬಾರದು, ಹೆಣ್ಣು ಪ್ರಾಣಿಯನ್ನು ಕೊಲ್ಲಬಾರದು. ವಾಹನದಲ್ಲಿ ಕುಳಿತು ಗುಂಡು ಹಾರಿಸಬಾರದು. ನೀರು ಕುಡಿಯುವ ತಾಣದಲ್ಲಿ ಹೊಂಚು ಹಾಕಬಾರದು. ಇದು ಸರ್ಕಾರ ಹೊಸದಾಗಿ ಕಂಡುಹಿಡಿದ ನೀತಿಯೇನಲ್ಲ. ದಶರಥ ಕತ್ತಲಲ್ಲಿ ನೀರಿನ ಸದ್ದು ಕೇಳಿ ಬಾಣ ಬಿಟ್ಟು ಶ್ರವಣಕುಮಾರನನ್ನು ಕೊಂದ. ಪಾಂಡು ಕೂಡಿದ್ದ ಜಿಂಕೆಗಳ ಮೇಲೆ ಬಾಣ ಬಿಟ್ಟ. ಜಿಂಕೆಯ ರೂಪದಲ್ಲಿದ್ದ ಋಷಿ ಕಿಂದಮ, ಬೇಟೆಯಾಡಿದ್ದಕ್ಕಲ್ಲ, ಆಡಬಾರದ ಗಳಿಗೆಯಲ್ಲಿ ಆಡಿದ್ದಕ್ಕೆ ಶಪಿಸಿದ. ಕೊಲ್ಲುವುದಕ್ಕೂ ಒಂದು ಮಿತಿ ಇರಬೇಕೆಂದು ನಮ್ಮ ಪುರಾಣಗಳು ಮೊದಲೇ ಹೇಳಿದ್ದವು.

ಅಮೆರಿಕದ ಹಲವು ರಾಜ್ಯಗಳಲ್ಲಿ ಈಗಲೂ ದೊಡ್ಡ ಬೇಟೆಗೆ ಅರ್ಜಿ ಕರೆಯುತ್ತಾರೆ. ಈ ವರ್ಷ ಇಂಥ ಪ್ರದೇಶದಲ್ಲಿ ಇಷ್ಟು ಎಲ್ಕ್ ಜಿಂಕೆ, ಇಷ್ಟು ಕಾಡುಕುರಿ ಎಂದು ಮೊದಲೇ ನಿಗದಿ ಮಾಡುತ್ತಾರೆ. ಬೇಡಿಕೆ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಕೆಲವು ರಾಜ್ಯಗಳಲ್ಲಿ ಈ ಸಲ ಹೆಸರು ಬರದವರಿಗೆ ಅಂಕ ಸೇರುತ್ತದೆ, ಮುಂದಿನ ಸಲ ಅವಕಾಶ ಹೆಚ್ಚುತ್ತದೆ. 1937ರ ಒಂದು ಕಾಯ್ದೆಯ ಪ್ರಕಾರ ಕೋವಿ, ಮದ್ದುಗುಂಡುಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ಕೇಳಿದಾಗ ಮೊದಲು ಮೈ ಜುಮ್ಮೆನ್ನುತ್ತದೆ. ಜೀವ ತೆಗೆಯಲು ಲಾಟರಿಯೇ? ಆಮೇಲೆ ಯೋಚಿಸಿದರೆ ಅದರಲ್ಲಿಯೂ ಒಂದು ನ್ಯಾಯ ಕಾಣುತ್ತದೆ. ಶ್ರೀಮಂತನಿಗೂ ಬಡವನಿಗೂ ಒಂದೇ ಡಬ್ಬಿ, ಒಂದೇ ಚೀಟಿ. ಎಷ್ಟು ಕೊಲ್ಲಬಹುದು ಎಂದು ಕೊಲ್ಲುವ ಮೊದಲೇ ಲೆಕ್ಕ ಹಾಕಿದ್ದಾರೆ.

ಆರ್‌ಟಿಇ ಸೀಟಿಗೆ ಲಾಟರಿ ಎತ್ತಿದಾಗ ತಾಯಂದಿರು ಹೇಗೆ ಕಾದು ನಿಂತಿದ್ದರೆಂದು ನಾನು ಕಂಡಿದ್ದೇನೆ. ಚೀಟಿ ನ್ಯಾಯವೆನಿಸಬೇಕಾದರೆ ಎರಡು ಮಾತು ಇರಬೇಕು. ಅರ್ಜಿ ಹಾಕಿದವರು ತಾವಾಗಿ ಹಾಕಿರಬೇಕು, ಡಬ್ಬಿಯಲ್ಲಿ ಎಲ್ಲರ ಹೆಸರೂ ಇರಬೇಕು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಜಿಲ್ಲೆಯತ್ತ ನೋಡೋಣ.

2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಹಲವರು ಬಲಿಯಾದರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಚಿರತೆಗಳೂ ಸಿಕ್ಕಿಬಿದ್ದವು. ಕಂಡಲ್ಲಿ ಗುಂಡಿಕ್ಕಿ ಎಂದು ಹಳ್ಳಿಯವರು ರೊಚ್ಚಿಗೆದ್ದರು. ಪಾಪ, ಮೂಕಪ್ರಾಣಿ ಎಂದು ಪೇಟೆಯ ನಾವು ಟಿ.ವಿ. ಮುಂದೆ ಕುಳಿತು ಮರುಗಿದೆವು.

ಕಾನೂನು ಇಲ್ಲಿ ಸುಮ್ಮನಿಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯವಾದ ಚಿರತೆಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಪ್ಪಣೆ ಕೊಡಬಹುದು. ಆದರೆ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಆಗದು ಎಂಬುದು ಮೊದಲು ಅವರಿಗೆ ಖಚಿತವಾಗಬೇಕು. ಕಾರಣಗಳನ್ನು ಬರೆದು ಸಹಿ ಹಾಕಬೇಕು. ಮೇಲೆ ಎರಗಿದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅದು ಅಪರಾಧವಲ್ಲ.

ಮಗು ಕಳೆದುಕೊಂಡ ತಾಯಿಯ ಎದುರು ಕಾರಣ ಬರೆಯುತ್ತಾ ಕೂರುವುದು ಕ್ರೂರವಲ್ಲವೇ ಎಂದು ಕೇಳಬಹುದು. ಆದರೆ ಕೊಂದ ಚಿರತೆ ಯಾವುದು ಎಂಬ ಪ್ರಶ್ನೆ ಅಲ್ಲೇ ಇರುತ್ತದೆ. ಒಂದರ ಮೈಮೇಲಿನ ಚುಕ್ಕೆಯಂತೆ ಇನ್ನೊಂದರದು ಇರುವುದಿಲ್ಲ. ಸಿಟ್ಟಿನಲ್ಲಿ ಕಂಡದ್ದನ್ನು ಹೊಡೆದರೆ ಸತ್ತದ್ದು ಬೇರೆಯದಾಗಬಹುದು, ಮನುಷ್ಯರನ್ನು ಹಿಡಿದದ್ದು ಹೊಲದ ಬದಿಯಲ್ಲೇ ಉಳಿಯಬಹುದು. ಆಗ ಆ ತಾಯಿಗೆ ನ್ಯಾಯವೂ ಇಲ್ಲ, ಪಕ್ಕದ ಮನೆಯ ಮಗುವಿಗೆ ರಕ್ಷಣೆಯೂ ಇಲ್ಲ. ಆದ್ದರಿಂದ ಆ ಬರಹ ಬೇಕು, ಆ ಸಹಿ ಬೇಕು. ಆದರೆ ಅದು ಬೇಗ ಆಗಬೇಕು. ಬೇರೆ ದಾರಿ ಇಲ್ಲವೆಂದಾದ ಮೇಲೆ ಗುಂಡು ಹಾರಿಸುವುದನ್ನು ನಾನು ಪಾಪವೆನ್ನಲಾರೆ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. 2022ರ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿದ್ದವು, ಕರ್ನಾಟಕದಲ್ಲಿಯೇ 1,879. ಇವು ಉಳಿಯಲಿ ಎಂದು ನಾವೆಲ್ಲ ಬಯಸುತ್ತೇವೆ. ಆ ಬಯಕೆಯ ಬೆಲೆ ತೆರುವವರು ಯಾರು? ಬೆಳಗಾಗುವ ಮುಂಚೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಹೆಣ್ಣುಮಗಳು, ದನ ಮೇಯಿಸುವ ಮುದುಕಿ, ಮನೆಮುಂದೆ ಆಡುವ ಕೂಸು. ಇದೂ ಒಂದು ಚೀಟಿಯೇ. ಅವರಾರೂ ಅರ್ಜಿ ಹಾಕಿಲ್ಲ. ಡಬ್ಬಿಯಲ್ಲಿ ನಮ್ಮ ಹೆಸರಿಲ್ಲ. ಬೇಟೆಗಾರನ ಚೀಟಿಯಲ್ಲಿ ಇರುವಷ್ಟು ನ್ಯಾಯವೂ ಇದರಲ್ಲಿಲ್ಲ.

ಹಾಗೆಂದು ಹಳೆಯ ಲೈಸೆನ್ಸ್ ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ. ಮೋಜಿಗೆ ಕೊಲ್ಲುವವರಿಂದ ಹಳ್ಳಿಯ ಭಯ ಹೋಗುವುದಿಲ್ಲ. ಆದರೆ ದಯೆ ತೋರುವವರು ಅದರ ಭಾರದಲ್ಲಿ ಪಾಲು ಹೊರಬೇಡವೇ? ಊರಾಚೆ ಕೋಳಿ ಅಂಗಡಿಯ ಕಸ ಸುರಿದರೆ ನಾಯಿ ಸೇರುತ್ತವೆ, ನಾಯಿಯ ವಾಸನೆಗೆ ಚಿರತೆ ಬರುತ್ತದೆ. ಆ ಕಸದಲ್ಲಿ ಪೇಟೆಯ ಅಡುಗೆಮನೆಗಳ ಪಾಲೂ ಇದೆ. ಹಳ್ಳಿಯ ಬೀದಿಗೆ ದೀಪ, ಮನೆಗೊಂದು ಶೌಚಾಲಯ, ಕತ್ತಲಾಗುವ ಮುಂಚೆ ಮಕ್ಕಳನ್ನು ಊರು ಸೇರಿಸುವ ಬಸ್ಸು, ಕೊಟ್ಟಿಗೆಗೆ ಗಟ್ಟಿ ಬಾಗಿಲು, ಅಲೆಸದೆ ಸಿಗುವ ಪರಿಹಾರ, ಇವನ್ನು ಕೇಳುವಾಗ ಹಳ್ಳಿಯ ಹೆಂಗಸರ ಜೊತೆಗೆ ನಾವೂ ದನಿಗೂಡಿಸಬೇಕು. ಪಾಪ ಎನ್ನುವುದಕ್ಕೆ ನಮಗೇನೂ ಖರ್ಚಿಲ್ಲ. ಖರ್ಚಿಲ್ಲದ ದಯೆಯನ್ನು ದಯೆ ಎಂದು ಕರೆಯಲು ನನಗೇಕೋ ಸಂಕೋಚವಾಗುತ್ತದೆ.