ಕೊಳವೆಯ ನೀರು ಕಳೆದುಕೊಳ್ಳುವ ಮೀಟರು

ಕೊಳವೆಯಲ್ಲಿ ಹರಿಯುವ ನೀರು ಘರ್ಷಣೆಯಿಂದ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಂಜಿನಿಯರುಗಳು ಹೆಡ್ ಲಾಸ್ ಎಂದು ಕರೆಯುವ ಈ ನಷ್ಟವನ್ನು ಮೀಟರುಗಳಲ್ಲಿ ಹೇಳುವುದು ರೂಢಿ. ಸಮತಟ್ಟಾದ ಕೊಳವೆಯಲ್ಲಿ ನೀರು ಕೆಳಗಿಳಿಯುವುದಿಲ್ಲ, ಕೊಳವೆಯೂ ಗಿಡ್ಡವಾಗುವುದಿಲ್ಲ. ಹಾಗಿರುವಾಗ ಕಳೆದುಹೋದ ಮೀಟರು ಯಾವುದೆಂದು ಕೇಳಿದರೆ, ಅಳತೆಯು ತಿಳಿಸುವುದು ವಸ್ತುವಿನ ಸ್ವಭಾವವನ್ನೋ ಅಳೆಯುವವನ ದೃಷ್ಟಿಯನ್ನೋ ಎಂಬ ಜ್ಞಾನಮೀಮಾಂಸೆಯ ಪ್ರಶ್ನೆಯೇ ಎದುರಾಗುತ್ತದೆ.

ಒಂದು ನ್ಯೂಟನ್ ಬಲವು ಒಂದು ಮೀಟರು ದೂರ ಮಾಡುವ ಕೆಲಸವೇ ಒಂದು ಜೂಲ್ ಆದ್ದರಿಂದ, ಪ್ರತಿ ನ್ಯೂಟನ್ ತೂಕದ ನೀರು ಎಷ್ಟು ಜೂಲ್ ಕಳೆದುಕೊಂಡಿತೆಂದು ಭಾಗಿಸಿ ನೋಡಿದಾಗ ಮೀಟರು ಮಾತ್ರ ಉಳಿಯುತ್ತದೆ. ಆ ಶಕ್ತಿಯು ನೀರನ್ನು ಎಷ್ಟು ಎತ್ತರಕ್ಕೆ ಏರಿಸಬಹುದಿತ್ತು ಎಂಬುದೇ ಅದರ ಅರ್ಥ. ಅದೇ ನಷ್ಟವನ್ನು ಘನಗಾತ್ರದಿಂದ ಭಾಗಿಸಿದರೆ ಒತ್ತಡದ ಮಾನವಾದ ಪ್ಯಾಸ್ಕಲ್ ಬರುತ್ತದೆ. ದ್ರವ್ಯರಾಶಿಯಿಂದ ಭಾಗಿಸಿದರೆ ಕಿಲೋಗ್ರಾಮಿಗೆ ಇಷ್ಟು ಜೂಲ್ ಎಂದಾಗುತ್ತದೆ.

ಜರ್ಮನಿಯ ವೈಸ್‌ಬಾಖ್ 1845ರಲ್ಲಿ ರೂಪಿಸಿದ, ಫ್ರಾನ್ಸಿನ ಡಾರ್ಸಿಯ 1857ರ ಪ್ರಯೋಗಗಳು ಬಲಪಡಿಸಿದ ಘರ್ಷಣಾ ನಷ್ಟದ ಸೂತ್ರವನ್ನು ಇಲ್ಲಿ ಅನ್ವಯಿಸಬಹುದು. 100 ಮೀಟರು ಉದ್ದ, 100 ಮಿಲಿಮೀಟರು ವ್ಯಾಸದ ಸಮತಟ್ಟಾದ ಕೊಳವೆಯಲ್ಲಿ ನೀರು ಸೆಕೆಂಡಿಗೆ 2 ಮೀಟರು ವೇಗದಲ್ಲಿ ಹರಿಯುತ್ತಿದ್ದು, ಮಾನವಿಲ್ಲದ ಬರಿಯ ಸಂಖ್ಯೆಯಾದ ಘರ್ಷಣಾಂಕವು 0.02 ಆಗಿದ್ದರೆ, ನಷ್ಟವು 40 ಕಿಲೋಪ್ಯಾಸ್ಕಲ್, ಕಿಲೋಗ್ರಾಮಿಗೆ 40 ಜೂಲ್, ಅಥವಾ ಸುಮಾರು 4.1 ಮೀಟರು. ಇದೇ ಹರಿವು ಗುರುತ್ವವು ಭೂಮಿಯ ಆರನೆಯ ಒಂದು ಭಾಗದಷ್ಟಿರುವ ಚಂದ್ರನ ಮೇಲೆ ನಡೆದರೆ ಮೊದಲೆರಡು ಅಂಕಿಗಳು ಹಾಗೆಯೇ ಉಳಿಯುತ್ತವೆ, ಮೀಟರುಗಳು ಮಾತ್ರ ಸುಮಾರು 25ಕ್ಕೆ ಏರುತ್ತವೆ. ಘರ್ಷಣೆ ಹೆಚ್ಚಿದ್ದರಿಂದ ಹೀಗಾಗಲಿಲ್ಲ, ಭಾಜಕವಾದ ತೂಕವು ತಗ್ಗಿದ್ದರಿಂದ ಆಯಿತು. ಆದ್ದರಿಂದ ಮೀಟರು ನೀರಿನೊಳಗೆ ಅಡಗಿರುವ ಗುಣವಲ್ಲ, ನೀರಿಗೂ ಅದು ಇರುವ ಲೋಕಕ್ಕೂ ನಡುವಿನ ಸಂಬಂಧ. ಆದರೆ ಈ ಸಂಬಂಧವು ಕಲ್ಪಿತವೂ ಅಲ್ಲ, ಏಕೆಂದರೆ ನೀರೆತ್ತುವ ಪಂಪು ಭರಿಸಬೇಕಾದ ಹೊರೆಯಲ್ಲಿ ಅದು ನೇರವಾಗಿ ಸೇರುತ್ತದೆ.

ನಷ್ಟವೆಂಬ ಭಾವನೆಗೂ ಇದೇ ವಿವೇಚನೆ ಬೇಕು. ಆ 40 ಜೂಲ್ ಇಲ್ಲವಾಗುವುದಿಲ್ಲ. ಶಾಖವು ಹೊರಗೆ ಹೋಗದಿದ್ದರೆ ನೀರು ಒಂದು ಡಿಗ್ರಿ ಸೆಲ್ಸಿಯಸ್‌ನ ಸುಮಾರು ನೂರನೆಯ ಒಂದು ಭಾಗದಷ್ಟು ಬೆಚ್ಚಗಾಗುತ್ತದೆ. ಇರುವುದು ರೂಪಾಂತರ ಹೊಂದುತ್ತದೆಯೇ ಹೊರತು ಶೂನ್ಯವಾಗುವುದಿಲ್ಲವೆಂದು ಸಾಂಖ್ಯ ದಾರ್ಶನಿಕರು ತರ್ಕದಿಂದ ಪ್ರತಿಪಾದಿಸಿದ್ದರು. ಶಕ್ತಿಯ ವಿಷಯದಲ್ಲಿ ಭೌತವಿಜ್ಞಾನವು ಅಂಥದೇ ನಿಲುವನ್ನು ಅಳತೆಯಿಂದ ತಲುಪಿತು. ಆದರೆ ಹೀಗೆ ಚದುರಿದ ಶಾಖವು ತಾನಾಗಿ ಮತ್ತೆ ನೀರನ್ನು ಮೇಲೆತ್ತಲಾರದು. ಪ್ರಕೃತಿಯ ಲೆಕ್ಕದಲ್ಲಿ ಶಕ್ತಿಯು ಉಳಿದಿದೆ, ಮನುಷ್ಯನ ಪ್ರಯೋಜನದ ಲೆಕ್ಕದಲ್ಲಿ ಅದು ಕಳೆದಿದೆ. ಎರಡೂ ನಿಜವಾಗಿರುವುದರಿಂದ, ಯಾವ ದ್ರವ, ಯಾವ ಗುರುತ್ವ, ಯಾವ ಉದ್ದೇಶ ಎಂಬುದನ್ನು ಜೊತೆಗೆ ಹೇಳಿದಾಗಲೇ ಅಂಕಿಯು ಜ್ಞಾನವಾಗುತ್ತದೆ.