ನಿಯಮದ ಬಿರುಕಿನಲ್ಲಿ ಸಿಕ್ಕ ಜೀವಿ

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಯಂತ್ರಕ್ಕೆ ಬಂದ ‘ಪೊಕೆಮಾನ್ ರೆಡ್’ ಮತ್ತು ‘ಪೊಕೆಮಾನ್ ಗ್ರೀನ್’ ಆಟಗಳಲ್ಲಿ ಆಟಗಾರ ಹಿಡಿದು ಪಟ್ಟಿಗೆ ಸೇರಿಸಬೇಕಾದ ಜೀವಿಗಳು 150. 151ನೆಯದು ಮ್ಯೂ. ಆಟದ ಯಾವ ಹುಲ್ಲುಗಾವಲಿನಲ್ಲೂ ಯಾವ ಗುಹೆಯಲ್ಲೂ ಅದನ್ನು ಇಟ್ಟಿರಲಿಲ್ಲ. ಕೆಲಸವೆಲ್ಲ ಮುಗಿದು ಪರೀಕ್ಷೆಯ ಸಲಕರಣೆಗಳನ್ನು ತೆಗೆದಾಗ ಸುಮಾರು 300 ಬೈಟ್‌ಗಳಷ್ಟು ಜಾಗ ಉಳಿಯಿತು. ಆ ಹಂತದಲ್ಲಿ ಯಾರೂ ಏನನ್ನೂ ಮುಟ್ಟಬಾರದಾಗಿತ್ತು. ಗೇಮ್ ಫ್ರೀಕ್ ಸಂಸ್ಥೆಯ ಶಿಗೆಕಿ ಮೊರಿಮೊಟೊ ಅಷ್ಟೇ ಜಾಗದಲ್ಲಿ ಮ್ಯೂವನ್ನು ತೂರಿಸಿಟ್ಟರು. ಅದೇ ವರ್ಷ ‘ಕೊರೊಕೊರೊ’ ಪತ್ರಿಕೆ ಲಾಟರಿ ಎತ್ತಿ 20 ಮಂದಿಗೆ ಮ್ಯೂ ಕೊಡುವುದಾಗಿ ಸಾರಿತು. ಉಳಿದವರ ಪಾಲಿಗೆ ಅದು ಇದ್ದೂ ಇಲ್ಲದ ಜೀವಿಯಾಯಿತು. ಬಂದರಿನ ಬಳಿ ನಿಂತ ಲಾರಿಯ ಅಡಿಯಲ್ಲಿ ಅದು ಅಡಗಿದೆ ಎಂಬ ಸುದ್ದಿ ಮಕ್ಕಳ ಬಾಯಿಂದ ಬಾಯಿಗೆ ವರ್ಷಗಟ್ಟಲೆ ಹರಿದಾಡಿತು. ಲಾರಿಯ ಅಡಿಯಲ್ಲಿ ಏನೂ ಇರಲಿಲ್ಲ.

ನಿಜವಾದ ದಾರಿ 2003ರ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಈ ಆಟದ ಎದುರಾಳಿಗಳಲ್ಲಿ ಕೆಲವರು ದೂರದಿಂದಲೇ ಆಟಗಾರನನ್ನು ಕಂಡು ಕಾಳಗಕ್ಕೆ ಕರೆಯುತ್ತಾರೆ. ಅಂಥವನ ಕಣ್ಣಿಗೆ ಬೀಳುವ ಹೆಜ್ಜೆಯಲ್ಲೇ ಸ್ಟಾರ್ಟ್ ಗುಂಡಿ ಒತ್ತಿ, ‘ಫ್ಲೈ’ ಅಥವಾ ‘ಟೆಲಿಪೋರ್ಟ್’ ವಿದ್ಯೆ ಬಳಸಿ ಬೇರೆ ಊರಿಗೆ ಹಾರಿಬಿಡಬೇಕು. ಯಂತ್ರದ ಲೆಕ್ಕದಲ್ಲಿ ಕಾಳಗ ಶುರುವಾಗಿದೆ, ಆಟಗಾರ ಮಾತ್ರ ಅಲ್ಲಿಲ್ಲ. ಆಮೇಲೆ 25ನೇ ದಾರಿಯಲ್ಲಿ ಸ್ಲೋಪೋಕ್ ಎಂಬ ಜೀವಿಯನ್ನು ಇಟ್ಟುಕೊಂಡ ಹುಡುಗನನ್ನು ಸೋಲಿಸಬೇಕು. ಆ ಸ್ಲೋಪೋಕ್‌ನ ‘ಸ್ಪೆಷಲ್’ ಬಲ 21. ಬಿಟ್ಟುಹೋದ ದಾರಿಗೆ ಮರಳಿದಾಗ ಮೆನು ತಾನಾಗಿಯೇ ತೆರೆದುಕೊಳ್ಳುತ್ತದೆ, ಮುಚ್ಚಿದೊಡನೆ ಕಾಡುಜೀವಿಯೊಂದು ಎದುರಾಗುತ್ತದೆ. ಯಾವ ಜೀವಿ ಬರಬೇಕೆಂದು ಯಂತ್ರ ನೋಡುವ ನೆನಪಿನ ಜಾಗದಲ್ಲಿ ಕೊನೆಯ ಎದುರಾಳಿಯ ಸ್ಪೆಷಲ್ ಬಲ ಇನ್ನೂ ಕುಳಿತಿರುತ್ತದೆ. ಆಟದ ಒಳಪಟ್ಟಿಯಲ್ಲಿ ಮ್ಯೂವಿನ ಸಂಖ್ಯೆಯೂ 21. ಹೀಗೆ ಏಳನೇ ಹಂತದ ಮ್ಯೂ ಬಂದು ನಿಲ್ಲುತ್ತದೆ.

ಇನ್ನೊಂದು ಬಿರುಕು ಇದಕ್ಕಿಂತ ಹಳೆಯದು. ಜೀವಿ ಹಿಡಿಯುವುದನ್ನು ಮುದುಕನೊಬ್ಬ ತೋರಿಸಿಕೊಡುವಾಗ ಪರದೆಯ ಮೇಲೆ ಅವನ ಹೆಸರು ಬರಬೇಕು. ಅದಕ್ಕಾಗಿ ಆಟಗಾರನ ಹೆಸರನ್ನು ಯಂತ್ರ ತಾತ್ಕಾಲಿಕವಾಗಿ ಕಾಡುಜೀವಿಗಳ ಪಟ್ಟಿಯ ಜಾಗದಲ್ಲಿ ಇಡುತ್ತದೆ. ಸಿನಬಾರ್ ದ್ವೀಪದ ಪೂರ್ವದ ದಡಕ್ಕೆ ಸ್ವಂತ ಪಟ್ಟಿಯಿಲ್ಲ, ಅಲ್ಲಿ ಹಿಂದೆ ಉಳಿದದ್ದನ್ನೇ ಯಂತ್ರ ಓದಿಕೊಳ್ಳುತ್ತದೆ. ಆಟಗಾರನ ಹೆಸರಿನ ಅಕ್ಷರಗಳೇ ಜೀವಿಗಳಾಗಿ ಎದ್ದುಬರುತ್ತವೆ. ಚೌಕ ಚೌಕವಾಗಿ ಹರಿದುಹೋದಂತೆ ಕಾಣುವ ‘ಮಿಸಿಂಗ್‌ನೋ’ ಇಲ್ಲಿ ಸಿಗುವಂಥದ್ದು. ಅದನ್ನು ಕಂಡವನ ಚೀಲದ ಆರನೆಯ ವಸ್ತು 128ರಷ್ಟು ಹೆಚ್ಚುತ್ತದೆ, ಗೆದ್ದವರ ಸಭಾಂಗಣದ ಚಿತ್ರಗಳು ಕೆಡುತ್ತವೆ.

ಮಕ್ಕಳಾಟದಂತೆ ಕಾಣುವ ಈ ಸಂಗತಿಯೊಳಗೆ ಧರ್ಮಶಾಸ್ತ್ರಗಳು ಬಹುಕಾಲ ಕೆದಕಿದ ಪ್ರಶ್ನೆಯೊಂದಿದೆ. ನಿಯಮದ ಅಕ್ಷರವನ್ನು ಮುರಿಯದೆ ಅದರ ಬಿರುಕಿನಲ್ಲಿ ನುಗ್ಗಿ ಪಡೆದದ್ದು ನ್ಯಾಯವಾಗಿ ಪಡೆದದ್ದೇ? ಮ್ಯೂ ಹಿಡಿದವನು ಯಂತ್ರವನ್ನು ಬಿಚ್ಚಲಿಲ್ಲ, ಹೊರಗಿನ ಸಲಕರಣೆ ತರಲಿಲ್ಲ. ಗುಂಡಿಗಳನ್ನು ಒತ್ತಿದ, ಅಷ್ಟೆ. ಯಂತ್ರ ತನ್ನ ಪ್ರತಿಯೊಂದು ಸೂಚನೆಯನ್ನೂ ಅಕ್ಷರಶಃ ಪಾಲಿಸಿತು. ಆದರೂ ಆಟ ಮಾಡಿದವರ ಉದ್ದೇಶ ಇದಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಈ ಪ್ರಶ್ನೆಯನ್ನು ತೂಗಲು ಬೇಕಾದ ವಿಚಾರಗಳು ಕನ್ನಡನಾಡಿನಲ್ಲಿ, ಅದರಲ್ಲೂ ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಸುತ್ತಮುತ್ತ, ಒಂದರ ಪಕ್ಕ ಒಂದು ಸಿಗುತ್ತವೆ.

ಮೊದಲನೆಯದು ವರದ ಕಥೆಗಳ ದಾರಿ. ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಿಂದಲ್ಲ ಮೃಗದಿಂದಲ್ಲ ಎಂದು ಹಿರಣ್ಯಕಶಿಪು ಪಡೆದ ವರ ಒಂದು ನಿಯಮಾವಳಿಯೇ. ಸಾವು ಬರಬಹುದಾದ ಬಾಗಿಲುಗಳನ್ನೆಲ್ಲ ಅವನು ಎಣಿಸಿ ಮುಚ್ಚಿಸಿಕೊಂಡ. ಮುಸ್ಸಂಜೆ, ಹೊಸ್ತಿಲು, ನರಸಿಂಹನ ರೂಪ ಇವು ಅವನ ಪಟ್ಟಿಯಲ್ಲಿ ಇರಲಿಲ್ಲ. ಈ ಕಥೆಯಲ್ಲಿ ಕೇಳುಗರು ಬೇಗ ದಾಟಿಬಿಡುವ ಒಂದು ಅಂಶವಿದೆ. ನರಸಿಂಹ ಬ್ರಹ್ಮನ ಮಾತನ್ನು ಸುಳ್ಳಾಗಿಸುವುದಿಲ್ಲ. ಕೊಟ್ಟ ಮಾತಿನ ಒಂದೊಂದು ಅಕ್ಷರವೂ ಉಳಿದೇ ಹಿರಣ್ಯಕಶಿಪು ಸಾಯುತ್ತಾನೆ. ಬಿರುಕನ್ನು ಬಳಸಿದ್ದು ಮಾತನ್ನು ಮುರಿಯದಿರುವುದಕ್ಕಾಗಿ.

ಮಾದಪ್ಪನ ಬೆಟ್ಟದ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದೇಶ್ವರ ಕಾವ್ಯದಲ್ಲೂ ಇಂಥದೇ ನಡೆಯಿದೆ. ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಳ್ಳುವ ಶ್ರವಣ ದೊರೆಯನ್ನು ಮಾದೇಶ್ವರ ನೇರ ಯುದ್ಧದಲ್ಲಿ ಗೆಲ್ಲುವುದಿಲ್ಲ. ಹರಳಯ್ಯನ ಕೈಯಲ್ಲಿ ಮಾಡಿಸಿದ ಪಾದರಕ್ಷೆಯ ಉಪಾಯದಿಂದ ಮುಗಿಸುತ್ತಾನೆ. ಹಾಡುವವರಿಗಾಗಲಿ ಕೇಳುವವರಿಗಾಗಲಿ ಇದು ಮೋಸ ಅನ್ನಿಸುವುದಿಲ್ಲ, ಅನ್ನಿಸಬೇಕಾಗಿಯೂ ಇಲ್ಲ. ಸೆರೆಯಲ್ಲಿದ್ದವರಿಗೆ ಬೇರೆ ದಾರಿ ಇರಲಿಲ್ಲ.

ಹಾಗೆಂದು ಈ ಕಥೆಗಳನ್ನು ಮುಂದಿಟ್ಟುಕೊಂಡು ಮ್ಯೂ ಹಿಡಿದದ್ದು ಸರಿ ಎನ್ನಲಾಗದು. ವರದ ಕಥೆಗಳಲ್ಲಿ ಬಿರುಕು ನ್ಯಾಯವಾಗುವುದು ಎದುರಿಗಿರುವವನು ನಿಯಮವನ್ನೇ ಕವಚ ಮಾಡಿಕೊಂಡು ಪರರನ್ನು ಹಿಂಸಿಸುತ್ತಿರುವುದರಿಂದ. 25ನೇ ದಾರಿಯ ಹುಡುಗ ಯಾರನ್ನೂ ಸೆರೆಯಲ್ಲಿಟ್ಟಿಲ್ಲ. ‘ದೇವರೇ ಉಪಾಯ ಮಾಡಿದ ಮೇಲೆ ನಮ್ಮದೇನು’ ಎಂಬ ಮಾತು ಹಳ್ಳಿಯ ಕಟ್ಟೆಯಲ್ಲಿ ಸುಲಭವಾಗಿ ಬರುತ್ತದೆ. ಅದು ಕಥೆಯ ಉಪಾಯವನ್ನು ಮಾತ್ರ ಎತ್ತಿಕೊಂಡು ಸೆರೆಯವರ ಗೋಳನ್ನು ಬಿಟ್ಟುಬಿಡುತ್ತದೆ.

ಎರಡನೆಯ ದಾರಿಯನ್ನು ಲೊಕ್ಕನಹಳ್ಳಿಗೆ ಹತ್ತಿರದ ಒಡೆಯರಪಾಳ್ಯದಲ್ಲಿ ನೋಡಬಹುದು. 1970ರ ದಶಕದಲ್ಲಿ ಅಲ್ಲಿ ನೆಲೆಗೊಂಡ ಧೋಂಡೆನ್‌ಲಿಂಗ್ ಟಿಬೆಟನ್ ಶಿಬಿರದಲ್ಲಿ ಜೋಗ್‌ಚೆನ್ ವಿಹಾರವಿದೆ. ಭಿಕ್ಷುಗಳ ನಿಯಮಾವಳಿಗೆ ಬೌದ್ಧರು ವಿನಯ ಎನ್ನುತ್ತಾರೆ. ಅಲ್ಲಿನ ಭಿಕ್ಷುಗಳು ಪಾಲಿಸುವುದು ಮೂಲಸರ್ವಾಸ್ತಿವಾದ ಶಾಖೆಯ ವಿನಯ, ಥೇರವಾದಿಗಳದು ಪಾಲಿ ವಿನಯಪಿಟಕ. ವಿವರಗಳಲ್ಲಿ ವ್ಯತ್ಯಾಸವಿದ್ದರೂ ಎರಡರ ಹಂದರ ಒಂದೇ. ವಿನಯದ ನಿಯಮಗಳು ಒಮ್ಮೆಗೇ ಬರೆದಿಟ್ಟ ಶಾಸನವಲ್ಲ. ಒಂದು ಘಟನೆ ನಡೆಯುತ್ತದೆ, ಬುದ್ಧ ನಿಯಮ ಮಾಡುತ್ತಾನೆ, ಯಾರೋ ಅದರಲ್ಲೊಂದು ಬಿರುಕು ಕಾಣುತ್ತಾರೆ, ನಿಯಮ ತಿದ್ದುಪಡಿಯಾಗುತ್ತದೆ. ತಂತ್ರಾಂಶ ಬರೆಯುವವರು ಇಂದು ಮಾಡುವ ದುರಸ್ತಿಯ ಕ್ರಮವೇ ಅಲ್ಲಿ ಧರ್ಮಗ್ರಂಥದ ರೂಪದಲ್ಲಿದೆ.

ಬ್ರಹ್ಮಚರ್ಯದ ನಿಯಮವೇ ಇದಕ್ಕೆ ಸಾಕ್ಷಿ. ಸುದಿನ್ನನೆಂಬ ಭಿಕ್ಷು ತನ್ನ ಹಿಂದಿನ ಹೆಂಡತಿಯನ್ನು ಕೂಡಿದ ಮೇಲೆ ಆ ನಿಯಮ ಹುಟ್ಟಿತು. ವೈಶಾಲಿಯ ಮಹಾವನದಲ್ಲಿದ್ದ ಒಬ್ಬ ಭಿಕ್ಷು ಕೋತಿಯನ್ನು ಕೂಡಿ, ನಿಯಮ ಹೇಳಿದ್ದು ಹೆಂಗಸರ ವಿಷಯಕ್ಕೆ, ಪ್ರಾಣಿಗಳ ವಿಷಯಕ್ಕಲ್ಲ ಎಂದು ವಾದಿಸಿದ. ನಿಯಮಕ್ಕೆ ಪ್ರಾಣಿಗಳೂ ಸೇರಿದವು.

ಕಳ್ಳತನದ ನಿಯಮದ ಹಿನ್ನೆಲೆ ಮ್ಯೂವಿನ ಪ್ರಶ್ನೆಗೆ ಇನ್ನೂ ಹತ್ತಿರ. ಕುಂಬಾರನ ಮಗ ಧನಿಯ ಎಂಬ ಭಿಕ್ಷು ಗುಡಿಸಲು ಕಟ್ಟಲು ಮಗಧದ ದೊರೆ ಬಿಂಬಿಸಾರನ ಮರದ ಉಗ್ರಾಣದಿಂದ ದಿಮ್ಮಿಗಳನ್ನು ಒಯ್ದ. ‘ದೊರೆ ಕೊಟ್ಟಿದ್ದಾನೆ’ ಎಂದು ಕಾವಲಿನವನನ್ನು ನಂಬಿಸಿದ್ದ. ದೊರೆ ಕೇಳಿದಾಗ, ಶ್ರಮಣರಿಗೂ ಬ್ರಾಹ್ಮಣರಿಗೂ ಹುಲ್ಲು, ಮರ, ನೀರು ಕೊಟ್ಟಿದ್ದೇನೆಂದು ಪಟ್ಟಕ್ಕೆ ಬಂದಾಗ ತಾವೇ ಸಾರಿಸಿದ್ದಿರಲ್ಲ ಎಂದ. ಮಾತು ನಿಜವೇ. ಆದರೆ ಆ ಘೋಷಣೆ ಕಾಡಿನಲ್ಲಿ ಒಡೆಯರಿಲ್ಲದೆ ಬಿದ್ದಿರುವುದಕ್ಕೆ ಸಂಬಂಧಿಸಿದ್ದು, ಉಗ್ರಾಣದಲ್ಲಿ ಕಾದಿಟ್ಟ ಮರಕ್ಕಲ್ಲ ಎಂದು ದೊರೆ ಹೇಳಿದ. ಶ್ರಮಣನೆಂಬ ಕಾರಣಕ್ಕೆ ಧನಿಯನನ್ನು ದಂಡಿಸದೆ ಬಿಟ್ಟ. ಜನ ಮಾತ್ರ ಬಿಡಲಿಲ್ಲ, ಭಿಕ್ಷುಗಳೆಲ್ಲರನ್ನೂ ಹೀಗಳೆದರು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವವನು ಸಂಘದಿಂದ ಹೊರಗೆ ಎಂಬ ನಿಯಮ ಆಗ ಬಂತು.

ಧನಿಯನ ತಪ್ಪು ನಿಖರವಾಗಿ ಎಲ್ಲಿದೆ? ಘೋಷಣೆಯ ಅಕ್ಷರ ಅವನ ಕಡೆಗೇ ಇತ್ತು. ಆದರೆ ಆ ಮಾತು ಯಾವುದಕ್ಕಾಗಿ ಹುಟ್ಟಿತೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲದವನಂತೆ ನಡೆದ. ಅದಕ್ಕಿಂತ ದೊಡ್ಡದು ಕಾವಲಿನವನ ಪಾಡು. ಭಿಕ್ಷುವಿನ ಮಾತು ನಂಬಿ ಮರ ಬಿಟ್ಟುಕೊಟ್ಟ ತಪ್ಪಿಗೆ ಅವನನ್ನು ಕಟ್ಟಿ ಎಳೆದೊಯ್ದರು. ಬಿರುಕಿನ ಲಾಭ ಒಬ್ಬನಿಗೆ, ಬೆಲೆ ತೆತ್ತವನು ಇನ್ನೊಬ್ಬ. ಬೌದ್ಧರು ಕರ್ಮವನ್ನು ಅಳೆಯುವುದು ಚೇತನೆಯಿಂದ, ಎಂದರೆ ಮನಸ್ಸು ಏನನ್ನು ಬಯಸಿ ಹೊರಟಿತು ಎಂಬುದರಿಂದ. ಆ ಅಳತೆಯಲ್ಲಿ ಧನಿಯ ತಪ್ಪಿತಸ್ಥ. ಬಾಗಿಲು ಮುಚ್ಚಿ ತನ್ನದೇ ಯಂತ್ರದಲ್ಲಿ ಮ್ಯೂ ಹಿಡಿಯುವ ಹುಡುಗಿ ಯಾರ ನಂಬಿಕೆಯನ್ನೂ ಬಳಸಿಕೊಂಡಿಲ್ಲ, ಅವಳಿಗಾಗಿ ಯಾರೂ ಕಟ್ಟುಬಿದ್ದಿಲ್ಲ. ಮಿಸಿಂಗ್‌ನೋ ಕೆಡಿಸುವುದು ಹಿಡಿದವರ ಸ್ವಂತ ಗೆಲುವಿನ ಚಿತ್ರಗಳನ್ನೇ.

ಮೂರನೆಯದು ಜೈನರ ದಾರಿ, ಮೂರರಲ್ಲೂ ಕಠಿಣವಾದದ್ದು. ಕ್ರಿ.ಶ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ದೊರೆ ಯಶೋಧರನಿಗೆ ತಾಯಿ ಚಂದ್ರಮತಿ ಮಾರಿಗೆ ಕೋಳಿ ಬಲಿ ಕೊಡು ಎನ್ನುತ್ತಾಳೆ. ಅವನಿಗೆ ಜೀವ ತೆಗೆಯಲು ಮನಸ್ಸಿಲ್ಲ, ತಾಯಿಯ ಮಾತು ಮೀರಲೂ ಮನಸ್ಸಿಲ್ಲ. ಇಬ್ಬರೂ ಒಪ್ಪಿದ ನಡುದಾರಿ ಹಿಟ್ಟಿನ ಕೋಳಿ. ಜೀವವಿಲ್ಲದ್ದನ್ನು ಕಡಿದರೆ ಅಹಿಂಸೆಯೂ ಉಳಿಯಿತು, ಬಲಿಯೂ ಆಯಿತು. ನಿಯಮದ ಬಿರುಕು ಇಷ್ಟು ಸಾಧುವಾಗಿ ಕಾಣುವ ಇನ್ನೊಂದು ಕಥೆ ಕನ್ನಡದಲ್ಲಿ ಸಿಗುವುದು ಕಷ್ಟ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ, ತಾಯಿ ಮಗ ಇಬ್ಬರೂ ಸಂಕಲ್ಪ ಹಿಂಸೆಯ ಫಲವಾಗಿ ಹಲವು ಜನ್ಮ ಪ್ರಾಣಿಗಳಾಗಿ ತೊಳಲುತ್ತಾರೆ. ಕಡಿದ ವಸ್ತು ಸುಳ್ಳಾದರೂ ಕಡಿಯುವ ಮನಸ್ಸು ನಿಜ ಎಂಬುದು ಜನ್ನನ ಕಾವ್ಯದ ತೀರ್ಪು.

ಪರದೆಯ ಜೀವಿಗಳಿಗೂ ಜೀವವಿಲ್ಲ. ಹಾಗಾಗಿ ‘ಅದು ಬರೀ ಆಟ’ ಎಂಬ ಸಮಾಧಾನ ಜನ್ನನ ಮುಂದೆ ನಿಲ್ಲುವುದಿಲ್ಲ. ಅವನ ಅಳತೆಯಲ್ಲಿ ಕೇಳಬೇಕಾದದ್ದು ಹಿಡಿದವನ ಸಂಕಲ್ಪ ಏನು ಎಂದು. ಇತರರಿಗೆ ಇಲ್ಲದ್ದು ತನಗಿರಬೇಕೆಂಬ ಆಸೆಯಿಂದ ಹೊರಟವನೂ ಯಂತ್ರದ ಒಳಗು ಹೇಗಿದೆ ಎಂಬ ಕುತೂಹಲದಿಂದ ಹೊರಟವನೂ ಒತ್ತುವ ಗುಂಡಿಗಳು ಒಂದೇ. ಮ್ಯೂವಿನ ದಾರಿ ಕಂಡುಹಿಡಿದವರಲ್ಲಿ ಎರಡನೆಯ ಬಗೆಯ ಮನಸ್ಸು ಸ್ಪಷ್ಟವಾಗಿ ಕಾಣುತ್ತದೆ. ಯಾವ ಸಂಖ್ಯೆ ಯಾವ ಜಾಗದಲ್ಲಿ ಉಳಿದುಕೊಳ್ಳುತ್ತದೆಂದು ತಾಳ್ಮೆಯಿಂದ ಪತ್ತೆಹಚ್ಚಿ, ಕಂಡದ್ದನ್ನು ಬಚ್ಚಿಡದೆ ಎಲ್ಲರಿಗೂ ಹೇಳಿದರು. ಮೊರಿಮೊಟೊ ಕೂಡ ಮುಟ್ಟಬಾರದ ಹೊತ್ತಿನಲ್ಲಿ, ಉಳಿದ ಜಾಗದಲ್ಲಿ ಮ್ಯೂವನ್ನು ಇಟ್ಟವರು. ಬಿರುಕಿನಿಂದಲೇ ಒಳಬಂದ ಜೀವಿಯನ್ನು ಬಿರುಕಿನಿಂದ ಹೊರತಂದವರ ಮೇಲೆ ಕೋಪಿಸಿಕೊಳ್ಳಲು ಕಾರಣ ಸಾಲದು.

ಬಿರುಕು ಎಂದು ಹೊರಗಿನವರು ಕರೆದದ್ದೆಲ್ಲ ಬಿರುಕೂ ಅಲ್ಲ. ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ ಪುಷ್ಯ ಮಾಸದ ಹುಣ್ಣಿಮೆಗೆ ಶುರುವಾಗುವ ಸಿದ್ಧಪ್ಪಾಜಿ ಜಾತ್ರೆಯ ಪಂಕ್ತಿಸೇವೆ ಇದಕ್ಕೆ ಉದಾಹರಣೆ. ಭಕ್ತರು ತಮ್ಮ ತಮ್ಮ ಬಿಡಾರಗಳಲ್ಲಿ ಮಾಂಸದ ಅಡುಗೆ ಮಾಡಿ, ಜಾತಿಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಪ್ರಾಣಿಬಲಿ ತಡೆಯುವ 1959ರ ಕಾನೂನಿನಡಿ ಇದಕ್ಕೆ ಅಡ್ಡಿ ಬಂದಾಗ, ಇದು ಬಲಿಯಲ್ಲ, ಊಟ ಎಂದು ಭಕ್ತರು ವಾದಿಸಿದರು. ಕಾನೂನಿನಿಂದ ತಪ್ಪಿಸಿಕೊಳ್ಳಲು ಹೂಡಿದ ಮಾತಿನ ಚಮತ್ಕಾರ ಇದೆಂದು ವಿರೋಧಿಸಿದವರಿಗೆ ಕಂಡಿತು. ಆದರೆ ಈ ಪಂಕ್ತಿ ಕಾನೂನಿಗಿಂತ ಬಹಳ ಹಳೆಯದು. ಯಶೋಧರ ಬಲಿಯ ಸಂಕಲ್ಪವನ್ನು ಉಳಿಸಿಕೊಂಡು ವಸ್ತುವನ್ನು ಬದಲಿಸಿದ. ಪಂಕ್ತಿಸೇವೆಯ ಸಂಕಲ್ಪ ಮೊದಲಿನಿಂದಲೂ ಒಟ್ಟಿಗೆ ಉಣ್ಣುವುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಆಟಕ್ಕೆ ಮರಳಿದರೆ, ಒಬ್ಬಂಟಿ ಆಟಗಾರನ ವಿಷಯ ಇಲ್ಲಿಗೆ ಬಹುಮಟ್ಟಿಗೆ ತೀರಿತು. ಎರಡನೆಯವರು ಬಂದಾಗ ಲೆಕ್ಕ ಬದಲಾಗುತ್ತದೆ. ಗೇಮ್ ಬಾಯ್ ಯಂತ್ರಗಳನ್ನು ತಂತಿಯಿಂದ ಜೋಡಿಸಿ ಜೀವಿಗಳನ್ನು ವಿನಿಮಯ ಮಾಡಬಹುದಿತ್ತು, ಕಾಳಗಕ್ಕೂ ಇಳಿಯಬಹುದಿತ್ತು. ಡಚ್ ಇತಿಹಾಸಕಾರ ಯೊಹಾನ್ ಹುಯಿಜಿಂಗ 1938ರ ‘ಹೋಮೋ ಲುಡೆನ್ಸ್’ ಗ್ರಂಥದಲ್ಲಿ ಮೋಸಗಾರನನ್ನೂ ಆಟಗೆಡಕನನ್ನೂ ಬೇರೆಬೇರೆಯಾಗಿ ನೋಡಿದ. ಮೋಸಗಾರ ನಿಯಮ ಒಪ್ಪಿದವನಂತೆ ನಟಿಸುತ್ತಾನೆ, ಆಟಗೆಡಕ ಆಟದ ಲೋಕವನ್ನೇ ಒಪ್ಪುವುದಿಲ್ಲ. ಬಿರುಕು ಬಳಸುವವನು ಇಬ್ಬರಲ್ಲಿ ಯಾರೂ ಅಲ್ಲದಿರಬಹುದು, ಎದುರಿನವರಿಗೆ ಮೊದಲೇ ಹೇಳಿದ್ದರೆ. ಆಟವನ್ನು ಆದಷ್ಟು ಬೇಗ ಮುಗಿಸುವ ಸ್ಪೀಡ್‌ರನ್ ಪಂದ್ಯಗಳಲ್ಲಿ ಗ್ಲಿಚ್ ಎಂದು ಕರೆಯುವ ಇಂಥ ಬಿರುಕುಗಳನ್ನು ಬಳಸುವವರ ವರ್ಗ ಬೇರೆ, ಬಳಸದವರ ವರ್ಗ ಬೇರೆ. ಒಂದರಲ್ಲಿ ಮೆಚ್ಚುಗೆ ಪಡೆಯುವ ಚಲನೆ ಇನ್ನೊಂದರಲ್ಲಿ ಅನರ್ಹತೆ. ಗುಂಡಿಗಳು ಅವೇ, ಜನ ಪರಸ್ಪರ ಕೊಟ್ಟುಕೊಂಡ ಮಾತು ಬೇರೆ.

2016ರ ಫೆಬ್ರವರಿ 27ರಂದು ಹಳೆಯ ಆಟಗಳು ನಿಂಟೆಂಡೊ 3ಡಿಎಸ್ ಯಂತ್ರಕ್ಕೆ ಮತ್ತೆ ಬಂದಾಗ ಮ್ಯೂವಿನ ಬಿರುಕನ್ನು ಮುಚ್ಚಲಿಲ್ಲ. ಹಿಡಿಯುವವರು ಈಗಲೂ ಹಿಡಿಯಬಹುದು. ಆದರೆ ಜೀವಿಗಳನ್ನು ಹೊಸ ಆಟಗಳಿಗೆ ಸಾಗಿಸುವ ‘ಪೊಕೆಮಾನ್ ಬ್ಯಾಂಕ್’ ಮ್ಯೂವಿನ ಮೂಲ ಒಡೆಯನ ಹೆಸರು ಮತ್ತು ಗುರುತಿನ ಸಂಖ್ಯೆಯನ್ನು ನೋಡುತ್ತದೆ, ಸಂಸ್ಥೆಯೇ ಹಂಚಿದ ಗುರುತು ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ತನ್ನ ಆಟದೊಳಗೆ ಆ ಮ್ಯೂ ಇರಬಹುದು, ಎಲ್ಲರೂ ಸೇರುವ ಕಡೆಗೆ ಹೋಗಲಾರದು. ಇನ್ನಷ್ಟು ಆಳದ ಬಿರುಕುಗಳನ್ನು ಬಳಸಿ ಆ ಹೆಸರನ್ನೂ ಸಂಖ್ಯೆಯನ್ನೂ ತಿದ್ದುವ ದಾರಿಯನ್ನು ಕೆಲವರು ಕಂಡುಕೊಂಡರು. ಕಾವಲಿನವನ ಮುಂದೆ ‘ದೊರೆ ಕೊಟ್ಟಿದ್ದಾನೆ’ ಎಂದ ಧನಿಯನ ಸಾಲಿಗೆ ಸೇರುವುದು ಈ ಎರಡನೆಯ ಕೆಲಸ. ಅದರಲ್ಲಿ ಜೀವಿ ಹಿಡಿಯುವುದು ಏನೂ ಇಲ್ಲ, ಇರುವುದು ಖೋಟಾ ಸಹಿ.