ಮಾತು ಕೇಳುವುದೆಂದರೆ

ನಮ್ಮ ಮನೆಗಳಲ್ಲಿ ಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತೊಂದಿದೆ: "ಹೇಳಿದ ಮಾತು ಕೇಳು." ವಿಧೇಯತೆ ಎಂಬ ದೊಡ್ಡ ಪದ ಪ್ರಸಂಗಗಳಿಗೆ ಮೀಸಲು. ಅಡುಗೆಮನೆಯಲ್ಲಿ, ಅಂಗಳದಲ್ಲಿ ನಾವು ಬಳಸುವುದು 'ಕೇಳು' ಎಂಬ ಚಿಕ್ಕ ಪದವನ್ನೇ. ಕಿವಿಗೊಡುವುದೂ ಕೇಳುವುದೇ, ಹೇಳಿದಂತೆ ನಡೆಯುವುದೂ ಕೇಳುವುದೇ, ತಿಳಿಯದ್ದನ್ನು ಪ್ರಶ್ನಿಸುವುದೂ ಕೇಳುವುದೇ. ಲತೀನ್ ಭಾಷೆಯಲ್ಲಿ ವಿಧೇಯತೆಗಿರುವ ಪದವೂ ಕಿವಿಗೊಡುವುದು ಎಂಬ ಮೂಲದಿಂದಲೇ ಬಂದದ್ದು. ಆದರೆ ಪ್ರಶ್ನಿಸುವುದನ್ನೂ ಅದೇ ಪದದೊಳಗೆ ಇಟ್ಟುಕೊಂಡಿರುವುದು ನಮ್ಮ ಭಾಷೆಯ ಭಾಗ್ಯವೆಂದೇ ನನ್ನ ಎಣಿಕೆ.

ಈ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಕೇಳದಿದ್ದರೆ ದೇವರು ಕಣ್ಣು ಕುಕ್ಕುತ್ತಾನೆ." ಮಗು ಬೆಳೆದು ಸಂಸಾರಸ್ಥನಾದರೂ ಆ ಕಣ್ಣು ಕುಕ್ಕುವ ದೇವರು ಮನಸ್ಸು ಬಿಟ್ಟು ಹೋಗುವುದಿಲ್ಲ. ಕಷ್ಟ ಬಂದಾಗ ಮೊದಲು ಎದ್ದು ನಿಲ್ಲುವವನು ಅವನೇ.

ಭದ್ರಾವತಿಯನ್ನೇ ನೋಡಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇವೆರಡೂ ಆ ಊರಿಗೆ ತಲೆಮಾರುಗಳ ಕಾಲ ಅನ್ನ ಕೊಟ್ಟವು. 2015ರಲ್ಲಿ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಇಂಥ ಹೊತ್ತಿನಲ್ಲಿ ಮನೆ ಭೇಟಿಗೆ ಹೋದ ಗುರುಗಳ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಾವು ದೇವರ ಯಾವ ಆಜ್ಞೆ ಮೀರಿದೆವು, ಸ್ವಾಮಿ?"

ಈ ಪ್ರಶ್ನೆಗೆ ಯೇಸುಸ್ವಾಮಿಯವರೇ ಉತ್ತರ ಕೊಟ್ಟಿದ್ದಾರೆ. ಸಿಲೊವಾಮಿನ ಗೋಪುರ ಕುಸಿದು 18 ಮಂದಿ ಸತ್ತಾಗ, ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಅವರು ಖಂಡಿತವಾಗಿ ತಳ್ಳಿಹಾಕಿದರು (ಲೂಕ 13:4-5). ಸ್ವಂತ ಅದಿರಿನ ಗಣಿ ಇಲ್ಲದ್ದು, ಹಳತಾದ ಯಂತ್ರಗಳು, ಬಾರದ ಬಂಡವಾಳ ಇವುಗಳ ಲೆಕ್ಕವನ್ನು ಮನುಷ್ಯರಿಂದ ಕೇಳಬೇಕು. ಅದನ್ನು ದೇವರ ಕೋಪದ ಖಾತೆಗೆ ಬರೆಯುವುದು ಭಕ್ತಿಯಲ್ಲ. ಕೆಲಸ ಕಳೆದುಕೊಂಡವನಿಗೆ ಅಪರಾಧಿಯ ಪಟ್ಟವನ್ನೂ ಕಟ್ಟಿದಂತಾಗುತ್ತದೆ, ಅಷ್ಟೆ.

ಹಾಗಾದರೆ ಅವಿಧೇಯತೆಗೆ ಫಲವೇ ಇಲ್ಲವೇ? ಇದೆ. ಗೋಪುರದ ಮಾತಿನ ಬೆನ್ನಲ್ಲೇ ಯೇಸುಸ್ವಾಮಿ ಪಶ್ಚಾತ್ತಾಪಕ್ಕೂ ಕರೆ ಕೊಟ್ಟರು. ಆದರೆ ಆ ಫಲ ಹೊರಗಿನಿಂದ ಬೀಳುವ ಪೆಟ್ಟಲ್ಲ. ತಪ್ಪಿನ ಒಳಗೇ ಇರುವ ಬೀಜ. ಆದಾಮ ಹಣ್ಣು ತಿಂದ ಮೇಲೆ ದೇವರು ಶಿಕ್ಷೆಯ ಮಾತಾಡುವ ಮುನ್ನವೇ ಮರಗಳ ಮರೆಯಲ್ಲಿ ಅಡಗಿದ್ದ. ಪ್ರತಿ ಸಂಜೆಯ ಪರಿಚಿತ ದನಿ ಅವನಿಗೆ ಭಯವಾಯಿತು. ಶಿಕ್ಷೆ ಅಲ್ಲಿಯೇ ಆರಂಭವಾಗಿತ್ತು.

ಅರಸ ಸೌಲನ ಕಥೆ ಇನ್ನೂ ನೇರ (1 ಸಮುವೇಲ 15). ಅಮಾಲೇಕ್ಯರ ಕೊಬ್ಬಿದ ದನಕುರಿಗಳನ್ನು ಅಪ್ಪಣೆ ಮೀರಿ ಉಳಿಸಿಕೊಂಡ; ಸಿಕ್ಕಿಬಿದ್ದಾಗ, ದೇವರಿಗೆ ಬಲಿ ಕೊಡಲೆಂದೇ ಇಟ್ಟುಕೊಂಡೆ ಎಂದ. (ಆ ಯುದ್ಧಾಜ್ಞೆಯ ಕ್ರೌರ್ಯ ನಮ್ಮನ್ನು ಕಾಡುವ ಬೇರೆಯೇ ಪ್ರಶ್ನೆ, ಅದನ್ನು ಇಲ್ಲಿ ಎರಡು ಸಾಲಿನಲ್ಲಿ ಮುಗಿಸಲಾಗದು.) ಸೌಲನ ನೆಪ ನಮಗೇನೂ ಹೊಸದಲ್ಲ. ಅಡಿಕೆ ಕೊಯ್ಲಿನ ಆಳುಗಳ ಕೂಲಿ ಹಿಡಿದಿಟ್ಟುಕೊಂಡು, ಧರ್ಮಕೇಂದ್ರದ ಹಬ್ಬಕ್ಕೆ ಧಾರಾಳವಾಗಿ ಕಾಣಿಕೆ ಕೊಡುವವನ ನೆಪವೂ ಅದೇ. ಮುಂದೆ ಸೌಲ ದೇವರನ್ನು ವಿಚಾರಿಸಿದಾಗ ಅವನಿಗೆ ಉತ್ತರವೇ ಬರಲಿಲ್ಲ (28:6). ನಾನು ಇದನ್ನು ಓದುವುದು ಹೀಗೆ: ಕೇಳದೆ ಕೇಳದೆ ಕಿವಿ ಮಂದವಾಯಿತು. ಸೌಲ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ 'ಕೇಳಿ ಪಡೆದವನು' ಎಂದೇ ಅರ್ಥ!

ಇನ್ನೊಂದು ಫಲ, ಮಾಡಿದವನನ್ನು ಮುಟ್ಟದೆ ಬೇರೆಯವರನ್ನು ಮುಟ್ಟುವಂಥದ್ದು. ಮೇಲಿನ ಊರಿನವರು ಹೊಳೆಗೆ ಬಿಟ್ಟದ್ದನ್ನು ಕೆಳಗಿನ ಊರಿನವರು ಕುಡಿಯಬೇಕಾಗುತ್ತದೆ ಎಂದು ತುಂಗೆ, ಭದ್ರೆಯರ ದಡದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪನ ಕುಡಿತದ ಫಲ ಉಣ್ಣುವವಳು ಮಗಳು. ಅವಳ ಕಣ್ಣೀರನ್ನು ದೇವರ ಶಿಕ್ಷೆ ಎನ್ನಲು ಯಾರಿಗೆ ಬಾಯಿ ಬಂದೀತು?

ಕೇಳಬೇಕಾದದ್ದು ಯಾರ ಮಾತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಮನುಷ್ಯರ ಅಪ್ಪಣೆ ದೇವರ ಅಪ್ಪಣೆಗೆ ವಿರುದ್ಧವಾದಾಗ ಪೇತ್ರರು ನ್ಯಾಯಸಭೆಯ ಎದುರೇ ಒಪ್ಪದೆ ನಿಂತರು. ಸಂತ ತೋಮಸ್ ಅಕ್ವಿನಾಸರೂ ಮೇಲಿನವರಿಗೆ ತೋರುವ ವಿಧೇಯತೆಗೆ ಮಿತಿ ಇದೆಯೆಂದೇ ಕಲಿಸಿದರು. ಆದರೆ ನಮ್ಮ ಇಷ್ಟಕ್ಕೆ ಅಡ್ಡ ಬಂದದ್ದೆಲ್ಲ ಅಂತಃಸಾಕ್ಷಿಗೆ ಅಡ್ಡ ಬಂದಂತಲ್ಲ. ಸಂತ ಜೋಸೆಫ್ ವಾಜರ ಬದುಕಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಗೋವೆಯ ಆ ಯುವ ಗುರುಗಳ ಮನಸ್ಸೆಲ್ಲ ಲಂಕೆಯ ಮೇಲಿತ್ತು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿನ ಕಥೋಲಿಕರಿಗೆ ಗುರುಗಳೇ ಇರಲಿಲ್ಲ. ಹೋಗುತ್ತೇನೆಂದು ಕೇಳಿದರು; ಮೇಲಿನವರು 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಿದರು. ಆಗ ಕೆನರಾ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಡಳಿತದಲ್ಲಿತ್ತು. ರಾಜಧಾನಿ ಬಿದನೂರು, ಅಂದರೆ ನಮ್ಮ ಹೊಸನಗರ ತಾಲೂಕಿನ ನಗರ. ಅಲ್ಲಿನ ಕೋಟೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕೆನರಾದ ಕ್ರೈಸ್ತರು ಎರಡು ಧರ್ಮಾಧಿಕಾರಗಳ ಜಗಳದಲ್ಲಿ ಸಿಕ್ಕಿ ಒಡೆದುಹೋಗಿದ್ದರು: ಪೋರ್ಚುಗೀಸರ ಆಶ್ರಯದ ಗೋವೆ ಒಂದು ಕಡೆ, ರೋಮ್‌ನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಗೋವೆ ಕಳುಹಿಸಿದ ವಾಜರು ಎದುರು ಕಡೆಯ ಮಾತಿಗೂ ಕಿವಿಗೊಟ್ಟರು, ಬಿರುಕು ಬೆಳೆಯದಂತೆ ಶ್ರಮಿಸಿದರು. ಬಸ್ರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿ ಮೂರು ವರ್ಷ ದುಡಿದರು. ತಾವು ಬಯಸದ ಊರೆಂದು ಕೈಕಟ್ಟಿ ಕೂರಲಿಲ್ಲ. ಲಂಕೆಯನ್ನು ಮರೆಯಲೂ ಇಲ್ಲ.

1687ರಲ್ಲಿ ಲಂಕೆಯ ದಾರಿ ತೆರೆಯಿತು. ವೇಷ ಮರೆಸಿಕೊಂಡು ಹೋದರು. ಇಷ್ಟು ಕಾದು, ಇಷ್ಟು ಕೇಳಿ ನಡೆದವರಿಗೆ ಅಲ್ಲಿ ಸಿಕ್ಕಿದ್ದೇನು? 1692ರಲ್ಲಿ ಕ್ಯಾಂಡಿಯ ಅರಸನ ಜನ ಅವರನ್ನು ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆಗೆ ಹಾಕಿದರು. ಆ ಸೆರೆಯಲ್ಲಿ ಕುಳಿತು ಅವರು ಸಿಂಹಳ ಭಾಷೆ ಕಲಿತರು.